ಒಂಬತ್ತು ಪಾದ

ಸಿದ್ದರಾಮ ಸುತಳಿಯ ಒಂದು ತುದಿಯನ್ನು ಸಂಗಪ್ಪನ ಹಿಮ್ಮಡಿಗೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಹೆಬ್ಬೆರಳಿನವರೆಗೂ ಎಳೆದು, ಅಲ್ಲೊಂದು ಗಂಟು ಹಾಕಿದ. ಸಮಾಧಾನವಾಗದೆ ಗಂಟು ಬಿಚ್ಚಿ ಇನ್ನೊಮ್ಮೆ ಅಳೆದ. ಊರಿನಲ್ಲಿ ಇಪ್ಪತ್ತೈದು ವರ್ಷದಿಂದ ಕುಣಿ ತೋಡುತ್ತ ಬಂದ ಆತ ಯಾರ ಪಾದವನ್ನೂ ಎರಡು ಸಲ ಅಳೆದವನಲ್ಲ.

"ಸರ್ವೇ ಸಾಹೇಬರ ಕಾಲ ಐತ್ರಿ ಇದು," ಎಂದ, ಯಾರೂ ಕೇಳದಿದ್ದರೂ. "ಒಂದ ನೂಲ ಹೆಚ್ಚುಕಮ್ಮಿ ಆತಂದ್ರ ಎದ್ದ ನಿಂತ ಬೈತಾರ."

ಪಡಸಾಲೆಯಲ್ಲಿ ಕೂತ ನಾಲ್ಕು ಮಂದಿ ನಕ್ಕರು, ನಕ್ಕದ್ದಕ್ಕೆ ತಾವೇ ನಾಚಿಕೊಂಡರು. ಸಂಗಪ್ಪ ಮಾತ್ರ ಹಣೆತುಂಬ ವಿಭೂತಿ ಹಚ್ಚಿಸಿಕೊಂಡು, ಗೋಡೆಗೆ ಆನಿಕೊಂಡು ಕೂತಿದ್ದ. ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸಿಯೇ ಮಣ್ಣು ಮಾಡುತ್ತಾರೆ. ಕುಣಿಯ ಅಳತೆಯೂ ಸತ್ತವರದೇ. ಅವರ ಪಾದದಿಂದ ಒಂಬತ್ತು ಪಾದ ಉದ್ದ, ಅಷ್ಟೇ ಅಗಲ. ಅಣ್ಣನ ಕುಣಿಗೆ ತಮ್ಮನ ಪಾದ ನಡೆಯುವುದಿಲ್ಲ.

ಬಾಗಿಲ ಪಕ್ಕ ನಿಂತ ಅನ್ನಪೂರ್ಣಾ ಆ ಸುತಳಿಯನ್ನೇ ನೋಡುತ್ತಿದ್ದಳು. ಸಂಗಪ್ಪನಿಗೆ ಆಕೆ ಒಬ್ಬಳೇ ಮಗಳು, ರಾಮದುರ್ಗದ ಕಡೆ ಶಾಲೆಯಲ್ಲಿ ಕಲಿಸುತ್ತಾಳೆ. ಬೆಳಿಗ್ಗೆ ಸುದ್ದಿ ಬಂದ ಕೂಡಲೇ ಗಂಡನ ಬೈಕಿನಲ್ಲಿ ಹೊರಟವಳು ಯರಗಟ್ಟಿ ದಾಟುವುದರೊಳಗೆ ಅತ್ತು ಮುಗಿಸಿದ್ದಳು. ಈಗ ಅಳುವಿನ ಜಾಗದಲ್ಲಿ ಒಂದು ಹಳೆಯ ಪ್ರಶ್ನೆ ಬಂದು ಕೂತಿತ್ತು. ಸವದತ್ತಿಯ ಆ ಖೋಲಿಯಲ್ಲಿ ಅಪ್ಪ ನಿವೃತ್ತಿಯಾಗುವವರೆಗೂ ಒಂಬತ್ತು ವರ್ಷ ಏನು ಮಾಡಿದ? ಕೆಲಸವೇ ಇಲ್ಲದ ಕುರ್ಚಿಯಲ್ಲಿ ದಿನಕ್ಕೆ ಏಳು ತಾಸು ಕೂತು ಒಬ್ಬ ಮನುಷ್ಯ ಏನು ತಾನೇ ಮಾಡಬಹುದು? ಇದ್ದಾಗ ನೆಟ್ಟಗೆ ಕೂತು ಕೇಳಲಿಲ್ಲ. ಸಂಜೆ ಅವನು ಮಣ್ಣಿಗೆ ಹೋದರೆ ಉತ್ತರವೂ ಅವನ ಜೊತೆಗೇ ಹೋಗುತ್ತದಲ್ಲ ಎಂದು ಆಕೆಗೆ ಸಂಕಟವಾಯಿತು.

ಒಳಗೆ ಹೆಂಗಸರ ನಡುವೆ ತಂಗೆವ್ವ ಕೂತಿದ್ದಳು. ಕಣ್ಣಲ್ಲಿ ಒಂದು ಹನಿ ಇಲ್ಲ.

"ಅಳವಾ ತಂಗೆವ್ವಾ, ಎದಿ ಹಗೂರ ಆಕ್ಕೈತಿ," ಎಂದಳು ಪಕ್ಕದ ಮನೆಯ ರಾಯವ್ವ.

"ಏನಂತ ಅಳ್ಲಿ?" ತಂಗೆವ್ವನ ದನಿ ಹೊರಗಿನ ಗಂಡಸರಿಗೂ ಕೇಳುವಷ್ಟಿತ್ತು. "ಈ ಮನಶ್ಯಾ ಊರಮಂದಿ ಹೊಲಾ ಎಲ್ಲಾ ಅಳದಾ, ತನಗಂತ ಒಂದ ಗುಂಟೆ ಮಾಡಲಿಲ್ಲ. ಹೋಗಲಿ ಬಿಡು. ಒಂದಿನಾ ಪೇಪರ್ ಹಾಸಿ ನನ್ನ ಕಾಲ ಇಡ ಅಂದಾ. ಪೆನ್ಸಿಲ್ ತಗೊಂಡ ಸುತ್ತೂ ಗೆರಿ ಹೊಡದಾ. ಮರದಿನಾ ಕಿತ್ತೂರಿಗೆ ಹೋಗಾಂವ ಇದ್ದ. ಚಪ್ಪಲಿ ತರತಾನ, ನನ್ನ ನೆನಪರೆ ಐತೆಲ್ಲಾ ಅಂತ ತಿಳದೆ. ಸಂಜಿ ಮುಂದ ಬಂದಾ, ಬರೇ ಕೈಲೆ! ಕೇಳಿದ್ರ 'ಹೂಂ' ಅಂದಾ. ಏಳ ವರ್ಷ ಆತು, ಆ ಚಪ್ಪಲಿ ಇನ್ನೂ ಬಂದಿಲ್ಲ ನೋಡು."

ಹೆಂಗಸರಲ್ಲಿ ಇಬ್ಬರು ಸೆರಗು ಬಾಯಿಗೆ ಹಿಡಿದು ನಕ್ಕರು. ತಂಗೆವ್ವ ನಗಲಿಲ್ಲ. ಆಕೆಗೆ ಅದು ಖರೇ ಸಿಟ್ಟು.

*

ಆ ಖೋಲಿಗೆ ಸಂಗಪ್ಪ ಹೋದದ್ದು ಒಂದು ಅಳತೆಯ ಸಲುವಾಗಿ.

ಊರ ರುದ್ರಭೂಮಿ ದಾಖಲೆಯಲ್ಲಿ ಒಂದು ಎಕರೆ ಹದಿನೆಂಟು ಗುಂಟೆ. ಅದರ ಬಾಜೂ ಜಾಗ ಹಿಡಿದಿದ್ದ ಒಬ್ಬ ದೊಡ್ಡ ಮನುಷ್ಯನಿಗೆ ಅಲ್ಲೊಂದು ಮಂಗಲ ಕಾರ್ಯಾಲಯ ಕಟ್ಟುವ ಹುಕ್ಕಿ ಬಂತು. ಅವನ ಪ್ರಕಾರ ಅದು ಒಂದು ಎಕರೆಗಿಂತ ಕಡಿಮೆ ಇರಬೇಕಿತ್ತು. ಆಗ ಸರ್ವೇ ಸೂಪರ್‌ವೈಸರ್ ಆಗಿದ್ದ ಸಂಗಪ್ಪ ಸರಪಳಿ ಹಿಡಿದು ಮೂರು ಸಲ ಅಳೆದ. ಮೇಲಿನವರು ಕರೆದು ನಾಲ್ಕನೆಯ ಸಲ ಅಳೆ ಎಂದರು. ಅಳೆದು ಬಂದು, "ಎಷ್ಟ ಸಲ ಅಳದ್ರೂ ಅಷ್ಟ ಬರತೈತ್ರಿ ಸರ್, ನಾ ಏನ ಮಾಡ್ಲಿ," ಎಂದ. ಸಣ್ಣದು ಮಾಡಿ ಬರೆದಿಟ್ಟಿದ್ದ ನಕಾಶೆಗೆ ಸಹಿ ಹಾಕಲಿಲ್ಲ.

ಯಾರೂ ಬೈಯಲಿಲ್ಲ, ಅಮಾನತು ಮಾಡಲಿಲ್ಲ. ಹದಿನೈದು ದಿನಕ್ಕೆ ಒಂದು ಆದೇಶ ಬಂತು: ಸವದತ್ತಿಯಲ್ಲಿ ಮುಳುಗಡೆ ದಾಖಲೆಗಳ ಶಾಖೆಗೆ ವರ್ಗ. ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಊರುಗಳ ಕಾಗದಪತ್ರ ಇಟ್ಟ ಶಾಖೆ ಅದು. ಮುಳುಗಿದ್ದು ಯಾವ ಕಾಲದಲ್ಲೋ, ಪರಿಹಾರ ಕೊಟ್ಟು ಮುಗಿದದ್ದು ಯಾವ ಕಾಲದಲ್ಲೋ. ಶಾಖೆಯನ್ನು ಮುಚ್ಚಲು ಮಾತ್ರ ಯಾರಿಗೂ ನೆನಪಾಗಿರಲಿಲ್ಲ. ಇಂಥವರನ್ನು ಕೂಡಿಸಲು ಒಂದು ಜಾಗ ಬೇಕಲ್ಲ ಎಂದೂ ಇದ್ದೀತು.

"ಜಿಲ್ಲಾಕ್ಕೆಲ್ಲಾ ಅದೊಂದ ಪೋಸ್ಟು," ಎಂದ ಸಂಗಪ್ಪ ಮನೆಗೆ ಬಂದು. ಅದು ಸುಳ್ಳಲ್ಲ. ತಂಗೆವ್ವ ಬಡ್ತಿ ಎಂದು ತಿಳಿದು ಓಣಿಗೆಲ್ಲ ಸಕ್ಕರೆ ಹಂಚಿದಳು. ಎಂಟು ದಿನಕ್ಕೆ ಓಣಿಯೇ ಆಕೆಗೆ ಸತ್ಯ ತಿಳಿಸಿತು. ಆ ಸಕ್ಕರೆಯ ಅವಮಾನವನ್ನು ಆಕೆ ಕಡೆಗೂ ಮರೆಯಲಿಲ್ಲ.

ಆಮೇಲೆ ದಿನಾ ಬೆಳಿಗ್ಗೆ ಆರೂವರೆಯ ಬಸ್ಸು, ಬೈಲಹೊಂಗಲದಲ್ಲಿ ಇಳಿದು ಇನ್ನೊಂದು ಬಸ್ಸು. ರಾತ್ರಿ ಎಂಟಕ್ಕೆ ಖಾಲಿ ಬುತ್ತಿಡಬ್ಬಿಯ ಸಪ್ಪಳದೊಡನೆ ಮನೆ. ಮೊದಲು ಕಟ್ಟೆಯ ಮೇಲೆ ಹೊಲದ ತಕರಾರಿನವರು ದಿನವಿಡೀ ಕೂತಿರುತ್ತಿದ್ದರು, ಹಾಸಿಗೆ ಹಾಸುತ್ತಿರಲಿಲ್ಲ ಅಷ್ಟೇ. ಈಗ ಕಟ್ಟೆಯ ಮೇಲೆ ನಾಯಿಯೂ ಮಲಗಲಿಲ್ಲ. ಲಗ್ನದ ಮನೆಗಳಲ್ಲಿ "ಬರ್ರಿ ಸಾಹೇಬ್ರ, ಕುಂದರ್ರಿ, ನಿಮಗ ಕುಂದರೋದು ರೂಢಿ ಐತಲ್ಲ," ಎಂದು ನಗುತ್ತಿದ್ದರು. ಸಂಗಪ್ಪನೂ ನಗುತ್ತಿದ್ದ.

ಇತ್ತ ಸಂಗಪ್ಪನ ಜಾಗಕ್ಕೆ ಬಂದವನು ಎಂಟೇ ದಿನಕ್ಕೆ ಸಹಿ ಹಾಕಿದ್ದ. ಮಂಗಲ ಕಾರ್ಯಾಲಯ ಎದ್ದು ನಿಂತಿತು. ಅನ್ನಪೂರ್ಣಾಳ ಲಗ್ನವೂ ಅಲ್ಲೇ ಆಗಬೇಕಾಯಿತು. ಸುತ್ತ ಬೇರೆ ಜಾಗವಿರಲಿಲ್ಲ. ಹಿಂದಿನ ದಿನ ಆಕೆ ಅಪ್ಪನನ್ನು ತಡೆದು ನಿಲ್ಲಿಸಿ ಕೇಳಿದ್ದಳು:

"ಒಂದ ಸಹಿ ಹಾಕಿದ್ರ ಏನ ಹೋಗತಿತ್ತಪಾ ನಿಂದು? ಆ ಜಾಗಾನೂ ಉಳೀಲಿಲ್ಲ, ನೀನೂ ಉಳೀಲಿಲ್ಲ. ಅಲ್ಲೆ ಕುಂತ ಇಡೀ ದಿನಾ ಏನ ಮಾಡತೀ?"

ಸಂಗಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ಹೆಸರ ಓದತೇನಿ," ಎಂದ. ಆಕೆ ಸಿಟ್ಟಿನಿಂದ ತಿರುಗಿ ಹೋದಳು. ಯಾರ ಹೆಸರು ಎಂದು ಕೇಳಬೇಕಿತ್ತು ಎಂದು ಹೊಳೆದದ್ದು ಇವತ್ತು ಬೈಕಿನ ಮೇಲೆ.

*

ಮಧ್ಯಾಹ್ನ ಒಂದರ ಸುಮಾರಿಗೆ ಸಿದ್ದರಾಮ ಗುದ್ದಲಿ ಹೆಗಲ ಮೇಲಿಟ್ಟುಕೊಂಡು ತಿರುಗಿ ಬಂದ. ಮೈಯೆಲ್ಲ ಮಣ್ಣು, ಮುಖ ಸಣ್ಣದಾಗಿತ್ತು. ಸಂಗಪ್ಪನ ತಮ್ಮ ಸುಭಾಸನನ್ನು ಕಟ್ಟೆಯ ಮೂಲೆಗೆ ಕರೆದ. ನೇಸರಗಿಯಲ್ಲಿ ಬೀಜದ ಅಂಗಡಿ ಇಟ್ಟಿರುವ ಸುಭಾಸನೇ ಇವತ್ತಿನ ಎಲ್ಲದರ ಯಜಮಾನ.

"ಮಾಲಕ್ರ, ಬೇವಿನ ಗಿಡದ ಬುಡಕ ತೋಡಿದೆ. ಟೊಂಕದ ಮಟಾ ಹೋಗೋದ್ರಾಗ ಯಾರದೋ ಲಿಂಗ ಸಿಕ್ತ್ರಿ, ಕರಡಿಗಿ ಸಹಿತ. ಕೈ ಮುಗದ ಮುಚ್ಚಿದೆ. ಈ ಕಡೆ ತೋಡಿದೆ, ಗೂಡಿನ ಕಲ್ಲ ಸಿಕ್ಕೂ. ಅಲ್ಲೂ ಯಾರೋ ಕುಂತಾರ."

"ಮತ್ತ ಎಲ್ಲೆರೆ ತೋಡೋ ಮಾರಾಯಾ!"

"ಎಲ್ಲಿ ತೋಡ್ಲಿರಿ? ಅರ್ಧಾ ಕಾರ್ಯಾಲಯದ ಗ್ವಾಡಿ ಒಳಗ ಹೋಗೇತಿ. ಉಳದದ್ದು ತುಂಬೇತಿ. ಈಶಾನ್ಯ ಮೂಲಿ ಖಾಲಿ ಐತಿ ಖರೆ, ಅದು ಹಾಸಗಲ್ಲು. ನಮ್ಮಪ್ಪನ ಕಾಲದಿಂದ ಅಲ್ಲಿ ಯಾರೂ ಗುದ್ದಲಿ ಹಚ್ಚಿಲ್ಲ."

ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು. ಕೂತವರ ಮೇಲೆ ಇನ್ನೊಬ್ಬರನ್ನು ಕೂಡಿಸಿದರೆ ಇಬ್ಬರಿಗೂ ಅವಮಾನ. ಸುಭಾಸ ತಲೆ ಕೆರೆದುಕೊಂಡ, ಬೀಗರಿಗೆ ಫೋನು ಹಚ್ಚಿದ, ಒಳಗೆ ಬಂದು ಅತ್ತಿಗೆಯ ಮುಂದೆ ನಿಂತ.

"ವೈನಿ, ಸಿರಸಂಗಿ ದಾರಿಗೆ ನಮ್ಮ ಬೀಗರ ಹೊಲ ಐತೆಲ್ಲಾ, ಬದುವಿನ ಮ್ಯಾಲ ಜಾಗಾ ಕೊಡತಾರಂತ. ಅಲ್ಲೇ ಒಯ್ಯೋಣೇನು?"

"ಒಲ್ಲೆ," ಎಂದಳು ತಂಗೆವ್ವ. "ಇದ್ದಾಗ ಒಯ್ದ ಯಾರ್ದೋ ಖೋಲ್ಯಾಗ ಕೂಡಿಸಿದ್ರು. ಸತ್ತ ಮ್ಯಾಲೂ ಒಯ್ದ ಯಾರ್ದೋ ಹೊಲದಾಗ ಕೂಡಸತೀರೇನು? ಊರಾಗ ಜಾಗಾ ಹುಡುಕು. ಈ ಊರ ಮಣ್ಣಿನ ಸಲುವಾಗಿ ಅಲ್ಲೇನು ಅವ್ರು ಹಾಳಾದದ್ದು!"

ಹೇಳುತ್ತಿದ್ದಂತೆ ಆಕೆಯ ದನಿ ಒಂದು ಕಡೆ ಒಡೆಯಿತು. ತಕ್ಷಣ ಬಾಯಿ ಬಿಗಿಹಿಡಿದಳು. ಅನ್ನಪೂರ್ಣಾ ಅವ್ವನನ್ನು ಬೆರಗಿನಿಂದ ನೋಡಿದಳು. ಇಷ್ಟು ವರ್ಷ ಅಪ್ಪನನ್ನು ಬೈಯುತ್ತಲೇ ಬಂದ ಅವ್ವ ಒಂದೇ ಒಂದು ಸಲವೂ ಅವನು ಸಹಿ ಹಾಕಬೇಕಿತ್ತು ಎಂದಿರಲಿಲ್ಲ. ಹಾಗೆಂದದ್ದು ತಾನು ಮಾತ್ರ.

ಅಷ್ಟರಲ್ಲಿ ಅಂಗಳದಲ್ಲಿ ಒಂದು ಟಂಟಂ ಬಂದು ನಿಂತಿತು. ಒಂಬತ್ತು ಹತ್ತು ಮಂದಿ ಇಳಿದರು, ಎಲ್ಲ ವಯಸ್ಸಾದವರು. ಓಣಿಯ ಯಾರಿಗೂ ಅವರ ಗುರುತಿಲ್ಲ. ಮುಂದೆ ಬಂದ ಮುದುಕಿ ಯಾರನ್ನೂ ಮಾತಾಡಿಸದೆ ಸೀದಾ ಸಂಗಪ್ಪನ ಮುಂದೆ ಕೂತು ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ನಮ್ಮವ್ವನ್ನ ಹುಡಿಕಿ ಕೊಟ್ಟಾಂವಾ," ಎಂದು ದನಿ ತೆಗೆದು ಅಳತೊಡಗಿದಳು, "ನನಗೊಂದ ಮಾತ ಹೇಳದ ಹ್ವಾದೆಲ್ಲೋ ಯಪ್ಪಾ..."

ಮನೆಯ ಮಂದಿಯೇ ಅಳು ನಿಲ್ಲಿಸಿ ನೋಡಿದರು. ಅನ್ನಪೂರ್ಣಾ ಹತ್ತಿರ ಹೋಗಿ ಕೂತಳು.

"ಯಾರ್ರೀ ನೀವು? ಯಾರನ್ನ ಹುಡಿಕಿ ಕೊಟ್ಟ ನಮ್ಮಪ್ಪ?"

ಮುದುಕಿಯ ಹೆಸರು ಸತ್ಯವ್ವ. ಉತ್ತರ ಹೇಳಿದವನು ಮಾತ್ರ ಆಕೆಯ ಹಿಂದೆ ನಿಂತಿದ್ದ, ಬಿಳಿ ಟೊಪ್ಪಿಗೆಯ ಸಪೂರ ಮುದುಕ. "ನಾ ಬಸಯ್ಯ ಅಂತ್ರೀ ಯವ್ವಾ. ಸಾಹೇಬ್ರ ಖೋಲ್ಯಾಗ ಸಿಪಾಯಿ ಇದ್ದೆ. ಒಂಬತ್ತ ವರ್ಷ ನಾವಿಬ್ಬರ ಇದ್ದಿವಿ."

ಅನ್ನಪೂರ್ಣಾ ಎದ್ದು ಅವನ ಕೈ ಹಿಡಿದು ಕಟ್ಟೆಗೆ ಕರೆತಂದು ಕೂಡಿಸಿದಳು. "ಹೇಳ್ರಿ ಅಜ್ಜಾ. ಅಲ್ಲಿ ಅವ ಏನ ಮಾಡತಿದ್ದಾ?"

*

ಮೊದಲ ಮೂರು ವರ್ಷ ಏನೂ ಮಾಡಲಿಲ್ಲ, ಎಂದ ಬಸಯ್ಯ. ಮುಚ್ಚಿಟ್ಟು ಹೇಳುವುದೇನು?

ಹತ್ತಕ್ಕೆ ಬೀಗ ತೆಗೆಯುವುದು, ಐದೂವರೆಗೆ ಹಾಕುವುದು. ಹಾಜರಿ ಪುಸ್ತಕದಲ್ಲಿ ಎರಡೇ ಹೆಸರು. ತಿಂಗಳಿಗೊಂದು ಸಲ ಬಾಕಿ ಕೆಲಸಗಳ ವಿವರ ಕೇಳಿ ಕಾಗದ ಬರುತ್ತಿತ್ತು. ಸಂಗಪ್ಪ ಗೆರೆ ಹೊಡೆದು, ಅಂಕಣ ಮಾಡಿ, ಚೆಂದ ಅಕ್ಷರದಲ್ಲಿ 'ನಿರಂಕ', ಅಂದರೆ ಏನೂ ಇಲ್ಲ, ಎಂದು ಬರೆದು ಕಳಿಸುತ್ತಿದ್ದ. ಬುತ್ತಿ ಬಿಚ್ಚಿದರೆ ಅರ್ಧ ಬಸಯ್ಯನಿಗೆ. ಒಂದು ದಿನ ಕಿಟಕಿಗೆ ಮುಖ ಮಾಡಿ ಅತ್ತದ್ದನ್ನೂ ಬಸಯ್ಯ ನೋಡಿದ್ದ, ನೋಡದವನ ಹಾಗೆ ಚಹಾ ತರಲು ಹೋಗಿದ್ದ.

ನಾಲ್ಕನೆಯ ವರ್ಷ ಸತ್ಯವ್ವ ಬಂದಳು. ಪಿಂಚಣಿಗೆಂದು ಬಂದವಳು ಬಾಗಿಲು ತಪ್ಪಿ ಇಲ್ಲಿ ಇಣುಕಿದಳು. ಗೋಡೆಗೆ ಒತ್ತಿ ಜೋಡಿಸಿಟ್ಟ ಬಟ್ಟೆಯ ಗಂಟುಗಳನ್ನು ನೋಡಿ, ಇವೇನು ಎಂದು ಕೇಳಿದಳು. ನೀರಿನಲ್ಲಿ ಹೋದ ಊರುಗಳು ಎಂದ ಬಸಯ್ಯ.

"ಹಂಗಾರ ನಮ್ಮೂರು ನಿಮ್ಮ ಹಂತೇಕ ಐತೇನ್ರೀ?" ಎಂದಳು ಸತ್ಯವ್ವ.

ಸಂಗಪ್ಪ ಕುರ್ಚಿಯಿಂದ ಎದ್ದ. ಆ ಊರಿನ ಗಂಟು ಹುಡುಕಿ, ಧೂಳು ಹೊಡೆದು, ನಕಾಶೆಯನ್ನು ನೆಲದ ಮೇಲೆ ಹಾಸಿದ. ಓಣಿ, ಬಾವಿ, ಹನುಮಪ್ಪನ ಗುಡಿ. ಓದು ಬಾರದ ಸತ್ಯವ್ವ ಗುಡಿಯಿಂದ ಬೆರಳಿಟ್ಟು ನಡೆಯುತ್ತ ನಡೆಯುತ್ತ ತನ್ನ ಮನೆಯ ಬಾಗಿಲಿಗೆ ಬಂದು ನಿಂತಳು. ಆಮೇಲೆ ಕೇಳಿದಳು: ನಮ್ಮವ್ವನ್ನ ಮಣ್ಣ ಮಾಡಿದ ಜಾಗಾ ಎಲ್ಲೈತ್ರಿ? ನಾ ಸಣ್ಣಾಕಿ ಇದ್ದೆ, ನೆನಪಿಲ್ಲ.

ಆ ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಸಂಗಪ್ಪ ರಜೆ ಹಾಕಿ, ಸ್ವಂತದ ಸರಪಳಿ ಹೊತ್ತು ಬಿರಿದ ಕೆಸರಿನಲ್ಲಿ ಇಳಿದ. ಹಳೆಯ ಪುಸ್ತಕದಲ್ಲಿ ಆಕೆಯ ಅವ್ವನ ಹೆಸರಿನ ಮುಂದಿದ್ದ ಅಳತೆಯಂತೆ, ಗುಡಿಯ ಪಾಯಾ ಹಿಡಿದು ಅಲ್ಲಿಂದ ಅಳೆಯುತ್ತ ಹೋಗಿ ಗೂಟ ಹೊಡೆದ. ಬಸಯ್ಯ ಅಗೆದ. ಮೊಣಕಾಲಾಳದಲ್ಲಿ ಗದ್ದುಗೆಯ ಕಲ್ಲು ಸಿಕ್ಕಿತು. ಸತ್ಯವ್ವ ಅದರ ಮೇಲೆ ಬಿದ್ದು ಅತ್ತ ಸುದ್ದಿ ಕೇಳಿ ಮರುವಾರ ಮುಳುಗಿದ ಊರಿನ ಮೂವರು ಬಂದರು, ಅದರ ಮುಂದಿನ ವಾರ ಹನ್ನೊಂದು ಮಂದಿ.

"ಆಮ್ಯಾಲೆ ಸಾಹೇಬ್ರಿಗೆ ಪುರಸೊತ್ತ ಇದ್ದಿಲ್ಲರೀ," ಎಂದ ಬಸಯ್ಯ. "ವರ್ಷೆಲ್ಲಾ ಹಳೇ ಪುಸ್ತಕದಾಗ ಸತ್ತವರ ಹೆಸರ ಓದೋದು, ಬ್ಯಾಸಗ್ಯಾಗ ಹುಡುಕೋದು. ತಿಂಗಳ ಕಾಗದದಾಗ ಮಾತ್ರ 'ನಿರಂಕ' ಅಂತನ ಬರೀತಿದ್ರು. ಇದು ನನಗ ವಹಿಸಿದ ಕೆಲಸ ಅಲ್ಲ ಬಸಯ್ಯಾ, ಹೆಂಗ ಬರೀಲಿ ಅಂತಿದ್ರು."

*

ಅನ್ನಪೂರ್ಣಾ ಸೆರಗಿನಿಂದ ಮುಖ ಒರೆಸಿಕೊಳ್ಳುವಾಗಲೇ ಸುಭಾಸ ಬಂದು, ಹೊತ್ತಾಗುತ್ತದೆ, ಬೀಗರ ಹೊಲವೇ ಗತಿ, ಊರಲ್ಲಿ ಜಾಗವಿಲ್ಲ ಎಂದ.

"ಜಾಗಾ ಇಲ್ಲಂತ ಯಾರ ಹೇಳಿದ್ರು?" ಎಂದ ಬಸಯ್ಯ.

ಟಂಟಂಗೆ ಹೋಗಿ ಒಂದು ಉದ್ದನೆಯ ತಗಡಿನ ಕೊಳವೆ ತಂದ. ಒಳಗಿಂದ ಬಟ್ಟೆಗೆ ಅಂಟಿಸಿದ ಹಾಳೆ ಬಿಚ್ಚಿಕೊಂಡಿತು. ಇದೇ ಊರ ರುದ್ರಭೂಮಿಯ ನಕಾಶೆ. ಸಣ್ಣ ಸಣ್ಣ ಚೌಕಗಳು ನೂರಾರು, ಒಂದೊಂದರಲ್ಲಿ ಒಂದೊಂದು ಹೆಸರು. ಸಿದ್ದರಾಮ ಬಗ್ಗಿ ಬೇವಿನ ಗಿಡದ ಬುಡದ ಚೌಕ ನೋಡಿ, ಅದರ ಹೆಸರನ್ನು ಪಕ್ಕದವರಿಂದ ಓದಿಸಿ, "ಎಪ್ಪಾ, ಮುಂಜಾನೆ ಸಿಕ್ಕಿದ್ದು ಕೃಷ್ಣವ್ವಾಯಿ ಲಿಂಗಾನ!" ಎಂದು ಕೆನ್ನೆ ಬಡಿದುಕೊಂಡ.

ಆಗ ಎಲ್ಲರಿಗೂ ನೆನಪಾಯಿತು. ಕೆಲವು ವರ್ಷ ಪ್ರತಿ ರವಿವಾರ ಸಂಗಪ್ಪ ಕಬ್ಬಿಣದ ಸಲಾಕೆಯಿಂದ ನೆಲ ಚುಚ್ಚುತ್ತ, ಯಾರ ಕುಣಿ ಎಲ್ಲಿ ಎಂದು ಮುದುಕರನ್ನು ಕೇಳುತ್ತ ರುದ್ರಭೂಮಿಯಲ್ಲಿ ಅಡ್ಡಾಡುತ್ತಿದ್ದ. ಸಾಹೇಬನಿಗೆ ತಲೆ ಕೆಟ್ಟಿದೆ, ಹೆಣ ಎಣಿಸುತ್ತಾನೆ ಎಂದು ಊರು ನಕ್ಕಿತ್ತು.

"ಇದಕ್ಕ ಸಹಿ ಇಲ್ಲಲ್ಲ," ಎಂದ ಸುಭಾಸ ಹಾಳೆಯ ಅಂಚು ಹುಡುಕುತ್ತ.

"ವಹಿಸದ ಕೆಲಸಕ್ಕ ಸಹಿ ಹ್ಯಾಂಗ ಹಾಕ್ಲಿ ಅಂದ್ರು. ಸುಳ್ಳ ನಕಾಶೆಗೂ ಹಾಕಲಿಲ್ಲ, ಖರೇದಕ್ಕೂ ಹಾಕಲಿಲ್ಲ. ಸಹಿ ಇಲ್ಲದ್ದು ನಡಿಯೂದಿಲ್ಲ ಅಂತ ಅವರಿಗೂ ಗೊತ್ತಿತ್ತು, ಅದಕ್ಕ ಯಾರಿಗೂ ತೋರಸಲಿಲ್ಲ. ಕುಣಿಗೆ ಜಾಗಾ ಸಿಗದ ದಿನಾ ಒಯ್ದ ಕೊಡು ಅಂದಿದ್ರು."

ಬಸಯ್ಯನ ಬೆರಳು ಈಶಾನ್ಯ ಮೂಲೆಗೆ ಹೋಯಿತು. ಅಲ್ಲಿ ಹಾಸುಗಲ್ಲಿನ ಗೆರೆಗಳ ನಡುವೆ ಹದಿನಾಲ್ಕು ಚೌಕ ಬಿಳಿಯಾಗಿದ್ದವು. ಹನ್ನೆರಡರಲ್ಲಿ 'ಖಾಲಿ' ಎಂದಿತ್ತು. ಕೊನೆಯ ಎರಡು ಒಂದಕ್ಕೊಂದು ಒತ್ತಿಕೊಂಡಿದ್ದವು. ಅವುಗಳಲ್ಲಿ ಬರೇ ಅಳತೆ. ದೊಡ್ಡದರಲ್ಲಿ ಏಳು ಅಡಿ ಆರು ಇಂಚು. ಅದಕ್ಕಿಂತ ಚಿಕ್ಕದರಲ್ಲಿ ಆರು ಅಡಿ ಒಂಬತ್ತು ಇಂಚು.

ಸಿದ್ದರಾಮ ನಂಬಿಕೆಯಿಲ್ಲದೆ ಹೋಗಿ ಗುದ್ದಲಿ ಹಾಕಿದ. ಮೇಲೊಂದು ಗೇಣು ಗರಸು. ಅದರ ಕೆಳಗೆ ಕರಿ ಎರೆಮಣ್ಣು. ಎರಡಾಳು ತೋಡಿದರೂ ಕಲ್ಲಿಲ್ಲ, ಯಾರ ಎಲುಬೂ ಇಲ್ಲ. ನಾಲ್ಕು ಮೂಲೆಗೂ ಮೊಳ ಉದ್ದದ ಜಾಲಿಯ ಗೂಟಗಳು ಸಿಕ್ಕವು. ಸುತಳಿಯ ಅಳತೆಯನ್ನು ಗೂಟದಿಂದ ಗೂಟಕ್ಕೆ ಒಂಬತ್ತು ಸಲ ಇಟ್ಟು ನೋಡಿದರೆ ಒಂದು ನೂಲು ಹೆಚ್ಚಿಲ್ಲ, ಕಮ್ಮಿಯಿಲ್ಲ.

"ಸಾಯೋಕಿಂತ ಮೊದಲ ತಮ್ಮ ಕಾಲ ತಾವ ಅಳಕೊಂಡಾರ್ರೀ," ಎಂದ ಸಿದ್ದರಾಮ. ಈ ಸಲ ಯಾರೂ ನಗಲಿಲ್ಲ.

ಹೊತ್ತು ಮಂಗಲ ಕಾರ್ಯಾಲಯದ ಗೋಡೆಯ ಮೇಲೆ ಇದ್ದಾಗ ಸಂಗಪ್ಪನನ್ನು ಇಳಿಸಿ ಕೂಡಿಸಿದರು. ವಿಭೂತಿ, ಬಿಲ್ವಪತ್ರೆ, ಆಮೇಲೆ ಒಬ್ಬೊಬ್ಬರದೂ ಒಂದೊಂದು ಹಿಡಿ ಮಣ್ಣು. ಸತ್ಯವ್ವ ಸೆರಗಿನ ಗಂಟು ಬಿಚ್ಚಿ, ಮುಳುಗಿದ ಊರಿನ ಬಿರಿದ ಕೆಸರಿನ ಒಂದು ಹೆಂಟೆ ಹಾಕಿದಳು. ಅನ್ನಪೂರ್ಣಾ ಮಣ್ಣು ಹಾಕುತ್ತ ಬಗ್ಗಿ, ಕುಣಿಗಷ್ಟೇ ಕೇಳುವಂತೆ, "ತಪ್ಪಾತಪಾ," ಎಂದಳು. ಅಂದಮೇಲೆ ತಡೆಯಲಾಗದೆ ಬಿಕ್ಕಿ ಬಿಕ್ಕಿ ಅತ್ತಳು.

ತಂಗೆವ್ವ ಇನ್ನೂ ಅತ್ತಿರಲಿಲ್ಲ. ಕುಣಿ ಮುಚ್ಚಿ ಮಂದಿ ತಿರುಗುವಾಗ ಆಕೆ ಬಸಯ್ಯನನ್ನು ತಡೆದಳು.

"ಬಾಜೂಕಿನ ಸಣ್ಣದು ಯಾರ್ದು?"

"ಸಾಹೇಬ್ರು ಹೇಳಲಿಲ್ರೀ ಯವ್ವಾ. ಅದರ ಅಳತಿ ಮಾತ್ರ ಒಂದ ಪೇಪರ್ ಮ್ಯಾಲಿಂದ ತಗೊಂಡ್ರು. ಪೇಪರ್ ಮ್ಯಾಲೆ ಪೆನ್ಸಿಲ್ಲಿಂದು ಒಂದ ಕಾಲ ಇತ್ತು."

ತಂಗೆವ್ವ ಕಾಲಿನ ಹಳೆಯ ಚಪ್ಪಲಿ ಬಿಟ್ಟಳು. ಗಂಡನ ಹಸಿ ಮಣ್ಣಿನ ಅಂಚಿಗೆ ಹಿಮ್ಮಡಿ ಹಚ್ಚಿ ನಿಂತು, ಸೀರೆಯನ್ನು ತುಸು ಎತ್ತಿ ಹಿಡಿದು, ಒಂದು ಪಾದದ ತುದಿಗೆ ಇನ್ನೊಂದು ಪಾದದ ಹಿಮ್ಮಡಿ ಜೋಡಿಸುತ್ತ ನಡೆದಳು. ಒಂದು, ಎರಡು, ಮೂರು. ಅನ್ನಪೂರ್ಣಾ ಹಿಡಿಯಲು ಹೋದರೆ ಬೇಡವೆಂದು ಕೈ ಮಾಡಿದಳು. ಎಂಟಕ್ಕೆ ಕಣ್ಣು ತುಂಬಿ ನೆಲ ಕಾಣದಾಯಿತು. ಒಂಬತ್ತನೆಯ ಪಾದ ಇಟ್ಟಾಗ ಆಕೆಯ ಹೆಬ್ಬೆರಳು ಗರಸಿನಲ್ಲಿ ಹುದುಗಿದ್ದ ಒಂದು ಜಾಲಿಯ ಗೂಟಕ್ಕೆ ತಾಗಿ ನಿಂತಿತು.